ಕಮಟಿ ಸಾಯುವ ಕೋಶಗಳು: ಫೆರಾಪ್ಟೋಸಿಸ್ ಕುರಿತು ಪದೇ ಪದೇ ಕೇಳುವ ಪ್ರಶ್ನೆಗಳು

‘ಕಬ್ಬಿಣದಿಂದ ಕ್ಯಾನ್ಸರ್ ಕೋಶಗಳ ಸಾವು’ ಎಂಬಂಥ ತಲೆಬರಹ ಈಚೆಗೆ ಆಗಾಗ ಕಣ್ಣಿಗೆ ಬೀಳುತ್ತದೆ. ಅದನ್ನು ಓದಿದವರ ಪ್ರಶ್ನೆಗಳಲ್ಲಿ ಅರ್ಧದಷ್ಟು ಕಬ್ಬಿಣದ ಬಗ್ಗೆಯೇ ಇರುತ್ತವೆ. ನನ್ನ ಉತ್ತರಗಳು ಮಾತ್ರ ಕೊಬ್ಬು, ಗಂಧಕ, ಸಕ್ಕರೆಗಳ ಕಡೆಗೆ ಹೊರಳಿಕೊಳ್ಳುತ್ತವೆ. ಕಬ್ಬಿಣ ಇಲ್ಲಿ ಬರೀ ಕಿಡಿ. ಆ ಕಿಡಿಗೆ ಸುಡಲು ಏನು ಸಿಗುತ್ತದೆ, ಆರಿಸಲು ಯಾರಿದ್ದಾರೆ ಎಂಬುದನ್ನು ತೀರ್ಮಾನಿಸುವುದು ಕೋಶದ ಚಯಾಪಚಯ.

ಫೆರಾಪ್ಟೋಸಿಸ್ ಎಂದರೆ ಸರಳವಾಗಿ ಏನು?

ಅಗಸೆ ಎಣ್ಣೆಯ ಬಾಟಲಿಯನ್ನು ಮುಚ್ಚಳ ತೆರೆದು ಕಿಟಕಿಯ ಬಳಿ ಇಟ್ಟುಬಿಡಿ. ಕೆಲವೇ ದಿನಗಳಲ್ಲಿ ಅದು ಕಮಟುತ್ತದೆ. ಗಾಳಿಯ ಆಮ್ಲಜನಕ ಎಣ್ಣೆಯ ಕೊಬ್ಬಿನಾಮ್ಲಗಳ ಮೇಲೆ ಕೂತು ಪೆರಾಕ್ಸೈಡ್‌ಗಳನ್ನು ಮಾಡಿದ್ದರ ಫಲ ಅದು. ನಮ್ಮ ಪ್ರತಿ ಜೀವಕೋಶದ ಸುತ್ತಲೂ ಕೊಬ್ಬಿನ ಪೊರೆಯಿದೆ. ಆ ಪೊರೆಯೇ ಹೀಗೆ ಕಮಟಿ, ತಡೆಯುವವರಿಲ್ಲದೆ ಹರಡಿ, ಕೊನೆಗೆ ಹರಿದುಹೋಗಿ ಕೋಶ ಸತ್ತರೆ ಅದೇ ಫೆರಾಪ್ಟೋಸಿಸ್. ಇದನ್ನು ನಾನು ಹೋಲಿಕೆಗಾಗಿ ಹೇಳುತ್ತಿಲ್ಲ. ಬಾಟಲಿಯಲ್ಲಿ ನಡೆಯುವುದೂ ಪೊರೆಯಲ್ಲಿ ನಡೆಯುವುದೂ ಮೂಲತಃ ಒಂದೇ ರಸಾಯನ ಕ್ರಿಯೆ.

ಹೆಸರು ಏಕೆ ಇಷ್ಟು ವಿಚಿತ್ರ? ಕನ್ನಡದಲ್ಲಿ ಏನನ್ನೋಣ?

‘ಫೆರಮ್’ ಲ್ಯಾಟಿನ್, ಕಬ್ಬಿಣ ಎಂದರ್ಥ. ‘ಪ್ಟೋಸಿಸ್’ ಗ್ರೀಕ್, ಉದುರುವುದು ಎಂದರ್ಥ. ನಮ್ಮ ವ್ಯಾಕರಣದ ಮೇಷ್ಟ್ರುಗಳಾಗಿದ್ದರೆ ಅರಿಸಮಾಸ ಎಂದು ಕೆಂಪು ಶಾಯಿಯಲ್ಲಿ ಗೆರೆ ಎಳೆಯುತ್ತಿದ್ದರು. ‘ಕಬ್ಬಿಣಾವಲಂಬಿ ಕೋಶಮರಣ’ ಎನ್ನಬಹುದು, ಬಾಯಿಗೆ ಭಾರ. ಕೆಳಗೆ ಫೆರಾಪ್ಟೋಸಿಸ್ ಎಂದೇ ಬರೆದಿದ್ದೇನೆ.

ಕಬ್ಬಿಣದ ಪಾತ್ರ ನಿಖರವಾಗಿ ಯಾವುದು?

ವಯಸ್ಕರ ದೇಹದಲ್ಲಿರುವ ಕಬ್ಬಿಣ ಸುಮಾರು 3ರಿಂದ 4 ಗ್ರಾಂ. ಅದರ ಮೂರನೇ ಎರಡು ಭಾಗ ರಕ್ತದ ಹಿಮೋಗ್ಲೋಬಿನ್‌ನಲ್ಲಿದೆ. ಕೋಶದೊಳಗಿನ ಕಬ್ಬಿಣದ ಬಹುಪಾಲು ಫೆರಿಟಿನ್ ಎಂಬ ಗೋಳಾಕಾರದ ಪ್ರೋಟೀನ್ ಕಣಜದಲ್ಲಿ ಭದ್ರವಾಗಿರುತ್ತದೆ. ಒಂದು ಕಣಜದಲ್ಲಿ ಸುಮಾರು 4,500 ಪರಮಾಣುಗಳವರೆಗೆ ಹಿಡಿಯುತ್ತವೆ. ತೊಂದರೆ ಕೊಡುವುದು ಕಣಜದ ಹೊರಗೆ ಸಡಿಲವಾಗಿ ಅಲೆಯುವ ಪುಟ್ಟ ಪಾಲು. ಅದು ಪೆರಾಕ್ಸೈಡ್‌ಗೆ ಒಂದು ಎಲೆಕ್ಟ್ರಾನ್ ಕೊಟ್ಟು ಅದನ್ನು ಒಡೆಯುತ್ತದೆ, ಅತ್ಯಂತ ಉಗ್ರವಾದ ಮುಕ್ತ ರಾಡಿಕಲ್ ಹುಟ್ಟುತ್ತದೆ. ಕಬ್ಬಿಣ ಮತ್ತು ಪೆರಾಕ್ಸೈಡ್ ಸೇರಿದರೆ ಎಷ್ಟು ಬಲವಾದ ಉತ್ಕರ್ಷಣ ನಡೆಯುತ್ತದೆ ಎಂಬುದನ್ನು ಹೆನ್ರಿ ಫೆಂಟನ್ 1894ರಲ್ಲೇ ಬರೆದಿಟ್ಟಿದ್ದರು. ಪೊರೆಯಲ್ಲಿ ಒಂದು ಕೊಬ್ಬಿನಾಮ್ಲ ಹೀಗೆ ಕೆಟ್ಟರೆ ಅದು ಪಕ್ಕದ್ದನ್ನು ಕೆಡಿಸುತ್ತದೆ, ಪಕ್ಕದ್ದು ಅದರ ಪಕ್ಕದ್ದನ್ನು.

ಕೋಶಕ್ಕೆ ಕಬ್ಬಿಣ ಬೇಕಾದಾಗ ಅದು ಫೆರಿಟಿನ್ ಕಣಜವನ್ನೇ ಒಡೆದು ಜೀರ್ಣಿಸಿಕೊಳ್ಳುತ್ತದೆ. ಆ ಹೊತ್ತಿನಲ್ಲಿ ಸಡಿಲ ಕಬ್ಬಿಣ ಹೆಚ್ಚುತ್ತದೆ, ಅಪಾಯವೂ ಹೆಚ್ಚುತ್ತದೆ.

ಕ್ಯಾನ್ಸರ್ ಕೋಶಕ್ಕೆ ಕಬ್ಬಿಣದ ಹಸಿವು ಹೆಚ್ಚು ಎನ್ನುತ್ತಾರಲ್ಲ?

ಹೌದು. ವಿಭಜನೆಗೆ ಮೊದಲು ಡಿಎನ್‌ಎ ನಕಲಾಗಬೇಕು, ಅದರ ಬಿಡಿಭಾಗಗಳನ್ನು ತಯಾರಿಸುವ ಕಿಣ್ವಕ್ಕೆ ಕಬ್ಬಿಣ ಬೇಕು. ಬಿಡುವಿಲ್ಲದೆ ವಿಭಜಿಸುವ ಕೋಶ ಹೀಗಾಗಿ ಕಬ್ಬಿಣ ಎಳೆದುಕೊಳ್ಳುವ ಬಾಗಿಲುಗಳನ್ನು ಹೆಚ್ಚಿಸಿಕೊಳ್ಳುತ್ತದೆ. ಬೆಳವಣಿಗೆಗೆಂದು ತಂದಿಟ್ಟುಕೊಂಡದ್ದೇ ಕುತ್ತಿಗೆಗೆ ಬರಬಹುದು ಎಂಬ ಲೆಕ್ಕಾಚಾರ ಹುಟ್ಟಿದ್ದು ಇಲ್ಲಿಂದ.

ಅಪೊಪ್ಟೋಸಿಸ್ ಎಂದು ಪಠ್ಯಪುಸ್ತಕದಲ್ಲಿ ಓದಿದ್ದೆವು. ಅದೇ ಅಲ್ಲವೇ ಇದು?

ಅಲ್ಲ. 1972ರಲ್ಲಿ ಹೆಸರು ಪಡೆದ ಅಪೊಪ್ಟೋಸಿಸ್ ಅಚ್ಚುಕಟ್ಟಾದ ಆತ್ಮಹತ್ಯೆ: ಕ್ಯಾಸ್ಪೇಸ್ ಎಂಬ ಕಿಣ್ವಗಳು ಆಜ್ಞೆಯ ಮೇರೆಗೆ ಕೋಶವನ್ನು ಒಳಗಿನಿಂದ ತುಂಡರಿಸುತ್ತವೆ. ಫೆರಾಪ್ಟೋಸಿಸ್‌ನಲ್ಲಿ ಅಂಥ ಕೊಲೆಗಾರ ಕಿಣ್ವವಿಲ್ಲ. ಕೋಶ ಬದುಕಲು ದಿನವಿಡೀ ಮಾಡುತ್ತಿದ್ದ ಒಂದು ಕೆಲಸ ನಿಂತುಹೋಗುತ್ತದೆ, ಅಷ್ಟೆ. ಅಪೊಪ್ಟೋಸಿಸ್‌ನ ಆಜ್ಞೆಗೆ ಕಿವುಡಾಗಿರುವ ಎಷ್ಟೋ ಕ್ಯಾನ್ಸರ್ ಕೋಶಗಳಿಗೂ ಪೊರೆಯಂತೂ ಇದ್ದೇ ಇದೆ. ಈ ಕ್ಷೇತ್ರಕ್ಕೆ ಇಷ್ಟು ಜನ ನುಗ್ಗಿರುವುದು ಅದಕ್ಕಾಗಿ.

ಇದನ್ನು ಕಂಡುಹಿಡಿದವರು ಯಾರು?

ಹೆಸರಿಟ್ಟವರು ಯಾರು ಎಂದು ಕೇಳಿದರೆ ಉತ್ತರ ಸುಲಭ. ನ್ಯೂಯಾರ್ಕ್‌ನ ಕೊಲಂಬಿಯ ವಿಶ್ವವಿದ್ಯಾಲಯದಲ್ಲಿ ಬ್ರೆಂಟ್ ಸ್ಟಾಕ್‌ವೆಲ್ ಅವರ ಪ್ರಯೋಗಾಲಯ, ಸ್ಕಾಟ್ ಡಿಕ್ಸನ್ ಮೊದಲ ಲೇಖಕರಾಗಿದ್ದ 2012ರ ಪ್ರಬಂಧ. ಅದಕ್ಕೂ ಮುಂಚೆ, 2003ರಲ್ಲಿ, ಸ್ಟಾಕ್‌ವೆಲ್ ತಂಡ ರಾಸ್ ಎಂಬ ಕ್ಯಾನ್ಸರ್‌ಕಾರಕ ಜೀನ್ ಹೊತ್ತ ಕೋಶಗಳನ್ನು ಮಾತ್ರ ಕೊಲ್ಲುವ ರಾಸಾಯನಿಕವನ್ನು ಹುಡುಕುತ್ತಾ ಎರಾಸ್ಟಿನ್ ಎಂಬುದನ್ನು ಕಂಡಿತ್ತು. ಸತ್ತ ಕೋಶಗಳಲ್ಲಿ ಅಪೊಪ್ಟೋಸಿಸ್‌ನ ಗುರುತೇ ಇರಲಿಲ್ಲ. ಕಬ್ಬಿಣವನ್ನು ಹಿಡಿದಿಡುವ ಔಷಧ ಹಾಕಿದರೆ ಅವು ಸಾಯುತ್ತಿರಲಿಲ್ಲ. ಆ ಒಗಟು ಬಿಡಿಸಲು ಒಂಬತ್ತು ವರ್ಷ ಬೇಕಾಯಿತು.

ಆದರೆ ಕಂಡವರು ಇನ್ನೂ ಹಿಂದಿನವರು. ಅಮೆರಿಕದ ಹ್ಯಾರಿ ಈಗಲ್ 1950ರ ದಶಕದಲ್ಲಿ ಕೋಶಗಳನ್ನು ಗಾಜಿನ ಪಾತ್ರೆಯಲ್ಲಿ ಬೆಳೆಸಲು ಏನೇನು ಬೇಕು ಎಂದು ಪಟ್ಟಿ ಮಾಡುತ್ತಿದ್ದಾಗ, ಸಿಸ್ಟಿನ್ ಎಂಬ ಅಮೈನೋ ಆಮ್ಲವನ್ನು ತೆಗೆದರೆ ಕೋಶಗಳು ಸಾಯುವುದನ್ನು ನೋಡಿದ್ದರು. 1977ರಲ್ಲಿ ಜಪಾನಿನ ಶಿರೋ ಬನ್ನಾಯ್ ಮತ್ತು ಸಂಗಡಿಗರು ಸಿಸ್ಟಿನ್ ಇಲ್ಲದ ದ್ರವದಲ್ಲಿ ಸಾಯಬೇಕಿದ್ದ ಕೋಶಗಳನ್ನು ವಿಟಮಿನ್ ಇ ಹಾಕಿ ಉಳಿಸಿದರು. ಹೆಸರಿಲ್ಲದಿದ್ದ ಕಾರಣಕ್ಕೆ ಆ ಸಾವು ಮೂರು ದಶಕಗಳಿಗೂ ಹೆಚ್ಚು ಕಾಲ ಗ್ರಂಥಾಲಯದ ಕಪಾಟಿನಲ್ಲಿ ಮಲಗಿತ್ತು.

ಹಾಗಾದರೆ ಆರೋಗ್ಯವಂತ ಕೋಶಗಳೇಕೆ ಕಮಟುವುದಿಲ್ಲ?

ಇದು ಇಡೀ ವಿಷಯದ ಹೃದಯ, ಹಾಗಾಗಿ ನಿಧಾನವಾಗಿ ಹೇಳುತ್ತೇನೆ.

ಪೊರೆಯಲ್ಲಿ ಹುಟ್ಟುವ ಪೆರಾಕ್ಸೈಡ್‌ಗಳನ್ನು ಹುಟ್ಟಿದಲ್ಲೇ ನಿರುಪದ್ರವಿಯಾಗಿಸುವ ಕಿಣ್ವವೊಂದಿದೆ. ಇಂದಿನ ಹೆಸರು ಜಿಪಿಎಕ್ಸ್4. ಇದನ್ನು ಫುಲ್ವಿಯೊ ಉರ್ಸಿನಿ ಮತ್ತು ಸಂಗಡಿಗರು 1982ರಲ್ಲಿ ಬೇರ್ಪಡಿಸಿ ವಿವರಿಸಿದ್ದರು. ಅದರ ಕೆಲಸದ ಜಾಗದಲ್ಲಿ ಗಂಧಕ ಇರಬೇಕಾದ ಕಡೆ ಸೆಲೀನಿಯಮ್ ಕೂತಿದೆ. ಈ ಕಿಣ್ವ ಒಂದು ಪೆರಾಕ್ಸೈಡ್ ಒರೆಸಿದಾಗಲೆಲ್ಲ ಗ್ಲುಟಾಥಯೋನ್ ಎಂಬ ಪುಟ್ಟ ಅಣು ಖರ್ಚಾಗುತ್ತದೆ. ಗ್ಲುಟಾಥಯೋನ್ ಮಾಡಲು ಸಿಸ್ಟೀನ್ ಬೇಕು. ಸಿಸ್ಟೀನ್ ಸಾಮಾನ್ಯವಾಗಿ ಹೊರಗಿನಿಂದ, ಸಿಸ್ಟಿನ್ ಎಂಬ ಜೋಡಿ ರೂಪದಲ್ಲಿ, ಎಸ್‌ಎಲ್‌ಸಿ7ಎ11 ಎಂಬ ಬಾಗಿಲಿನ ಮೂಲಕ ಬರುತ್ತದೆ. ಆ ಬಾಗಿಲು ಧರ್ಮಕ್ಕೆ ತೆರೆಯುವುದಿಲ್ಲ: ಒಂದು ಸಿಸ್ಟಿನ್ ಒಳಗೆ ಬರಬೇಕಾದರೆ ಗ್ಲುಟಮೇಟ್ ಎಂಬ ಇನ್ನೊಂದು ಅಮೈನೋ ಆಮ್ಲದ ಒಂದು ಅಣು ಹೊರಗೆ ಹೋಗಬೇಕು. ಒಳಬಂದ ಜೋಡಿಯನ್ನು ಒಡೆಯಲು, ಖರ್ಚಾದ ಗ್ಲುಟಾಥಯೋನನ್ನು ಮತ್ತೆ ಕೆಲಸಕ್ಕೆ ಹಚ್ಚಲು ಎನ್‌ಎಡಿಪಿಎಚ್ ಎಂಬ, ಎಲೆಕ್ಟ್ರಾನ್ ಒದಗಿಸುವ ಅಣು ಬೇಕು. ಅದರ ದೊಡ್ಡ ಪಾಲು ಬರುವುದು ಗ್ಲುಕೋಸಿನಿಂದ.

ಎಷ್ಟು ಕೊಂಡಿಗಳಾದವು ಎಣಿಸಿ. ಸಕ್ಕರೆ, ಗ್ಲುಟಮೇಟ್, ಗಂಧಕದ ಅಮೈನೋ ಆಮ್ಲ, ಸೆಲೀನಿಯಮ್. ಇದಕ್ಕೆ ಕೊಲೆಸ್ಟ್ರಾಲ್ ತಯಾರಿಕೆಯ ಹಾದಿಯನ್ನೂ ಸೇರಿಸಬೇಕು. ಸೆಲೀನಿಯಮ್ಮನ್ನು ಪ್ರೋಟೀನಿನೊಳಗೆ ಕೂರಿಸುವ ಆರ್‌ಎನ್‌ಎಗೆ ಆ ಹಾದಿಯ ಒಂದು ಉತ್ಪನ್ನದ ಲೇಪ ಬೇಕು. ಎರಾಸ್ಟಿನ್ ಮಾಡುವುದು ಸಿಸ್ಟಿನ್ ಬಾಗಿಲಿಗೆ ಬೀಗ ಜಡಿಯುವುದನ್ನು. ಆರ್‌ಎಸ್‌ಎಲ್3 ಎಂಬ ಇನ್ನೊಂದು ರಾಸಾಯನಿಕ ನೇರವಾಗಿ ಜಿಪಿಎಕ್ಸ್4ನ್ನು ಕಟ್ಟಿಹಾಕುತ್ತದೆ. ಎರಡೂ ಕಡೆ ಕೋಶಕ್ಕೆ ಹೊಸ ವಿಷವೇನೂ ಸೇರುವುದಿಲ್ಲ. ಒರೆಸುವವರು ರಜೆ ಹಾಕುತ್ತಾರೆ, ಕೊಳೆ ತಾನಾಗಿ ತುಂಬುತ್ತದೆ.

ಜಿಪಿಎಕ್ಸ್4 ಇಲ್ಲದೆಯೂ ಬದುಕುವ ಕ್ಯಾನ್ಸರ್ ಕೋಶಗಳಿವೆಯಂತೆ?

ಇವೆ. 2019ರಲ್ಲಿ ಜರ್ಮನಿಯ ಮಾರ್ಕಸ್ ಕಾನ್ರಾಡ್ ತಂಡ ಮತ್ತು ಕ್ಯಾಲಿಫೋರ್ನಿಯದ ಜೇಮ್ಸ್ ಓಲ್ಜ್‌ಮನ್ ತಂಡ ಬೇರೆಬೇರೆಯಾಗಿ ಒಂದೇ ಉತ್ತರಕ್ಕೆ ಬಂದವು: ಎಫ್‌ಎಸ್‌ಪಿ1 ಎಂಬ ಪ್ರೋಟೀನ್ ಪೊರೆಯಲ್ಲಿ ಕೋಎಂಜೈಮ್ ಕ್ಯು10 ಎಂಬ, ಕೊಬ್ಬಿನಲ್ಲಿ ಕರಗುವ ಅಣುವನ್ನು ಸಜ್ಜುಗೊಳಿಸಿ ಕಮಟು ಹರಡುವ ಸರಪಳಿಯನ್ನು ತುಂಡರಿಸುತ್ತದೆ. ಇದೇ ಪ್ರೋಟೀನ್ ವಿಟಮಿನ್ ಕೆಯನ್ನೂ ಹೀಗೆ ಕಾವಲಿಗೆ ನಿಲ್ಲಿಸಬಲ್ಲದು ಎಂದು 2022ರಲ್ಲಿ ತಿಳಿಯಿತು. ಟೆಟ್ರಾಹೈಡ್ರೋಬಯಾಪ್ಟೆರಿನ್ ಎಂಬ ಪುಟ್ಟ ಅಣು ಇನ್ನೊಂದು ಕಾವಲುಗಾರ. ಮೈಟೊಕಾಂಡ್ರಿಯದೊಳಗೆ ಡಿಎಚ್‌ಒಡಿಎಚ್ ಎಂಬ ಕಿಣ್ವವೂ ಈ ಕೆಲಸ ಮಾಡುತ್ತದೆ ಎಂದು 2021ರಲ್ಲಿ ಪ್ರಕಟವಾಯಿತು. ಆ ಬಗ್ಗೆ ಜಗಳ ಇನ್ನೂ ಮುಗಿದಿಲ್ಲ. ಕೊಲೆಸ್ಟ್ರಾಲ್ ಆಗುವ ಮುನ್ನಿನ ಹಂತದ 7-ಡೀಹೈಡ್ರೋಕೊಲೆಸ್ಟ್ರಾಲ್ ತಾನೇ ಮೊದಲು ಉತ್ಕರ್ಷಣಗೊಂಡು ಪೊರೆಯನ್ನು ಉಳಿಸುತ್ತದೆ ಎಂದು 2024ರಲ್ಲಿ ಎರಡು ತಂಡಗಳು ತೋರಿಸಿದವು.

ಕೊಬ್ಬಿನ ಬಗೆ ಮುಖ್ಯವೇ?

ತುಂಬ ಮುಖ್ಯ. ಅಡುಗೆಮನೆಯಲ್ಲಿ ಕೊಬ್ಬರಿ ಎಣ್ಣೆ ತಿಂಗಳುಗಟ್ಟಲೆ ಇರುತ್ತದೆ, ಹುಚ್ಚೆಳ್ಳೆಣ್ಣೆ ಬೇಗ ಕಮಟುತ್ತದೆ, ಅಗಸೆ ಎಣ್ಣೆ ಇನ್ನೂ ಬೇಗ. ಕಾರಣ, ಕೊಬ್ಬಿನಾಮ್ಲದ ಸರಪಳಿಯಲ್ಲಿರುವ ದ್ವಿಬಂಧಗಳು. ಎರಡು ದ್ವಿಬಂಧಗಳ ನಡುವೆ ಸಿಕ್ಕಿಕೊಂಡ ಹೈಡ್ರೋಜನ್ ಸಡಿಲವಾಗಿರುತ್ತದೆ, ಕಿತ್ತುಕೊಳ್ಳುವುದು ಸುಲಭ. ಕೊಬ್ಬರಿ ಎಣ್ಣೆಯಲ್ಲಿ ಅಂಥ ಜಾಗ ಬಹಳ ಕಡಿಮೆ. ಅಗಸೆಯಲ್ಲಿ ಹೇರಳ.

ಕೋಶದ ಪೊರೆಗೂ ಇದೇ ನ್ಯಾಯ. ಎಸಿಎಸ್‌ಎಲ್4 ಎಂಬ ಕಿಣ್ವ ಬಹು ಅಪರ್ಯಾಪ್ತ, ಅಂದರೆ ಒಂದಕ್ಕಿಂತ ಹೆಚ್ಚು ದ್ವಿಬಂಧಗಳಿರುವ, ಕೊಬ್ಬಿನಾಮ್ಲಗಳನ್ನು ಪೊರೆಗೆ ಹೆಣೆಯಲು ಸಿದ್ಧಪಡಿಸುತ್ತದೆ. ಅದನ್ನು ತೆಗೆದುಹಾಕಿದ ಕೋಶಗಳು ಜಿಪಿಎಕ್ಸ್4 ಇಲ್ಲದೆಯೂ ಬದುಕುತ್ತವೆ ಎಂದು 2017ರಲ್ಲಿ ಗೊತ್ತಾಯಿತು. ಒರೆಸುವವರು ಬೇಡ, ಕೊಳೆಯಾಗುವ ವಸ್ತುವೇ ಇಲ್ಲ! ಎಸಿಎಸ್‌ಎಲ್3 ಎಂಬ ದಾಯಾದಿ ಕಿಣ್ವ ಒಂದೇ ದ್ವಿಬಂಧವಿರುವ ಒಲಿಯಿಕ್ ಆಮ್ಲದಂಥವನ್ನು ಪೊರೆಗೆ ಸೇರಿಸಿ ರಕ್ಷಣೆ ಕೊಡುತ್ತದೆ.

ನನಗೆ ಈ ಕ್ಷೇತ್ರದಲ್ಲಿ ಅತ್ಯಂತ ಇಷ್ಟವಾದ ಪ್ರಯೋಗ ಇದಕ್ಕೆ ಸಂಬಂಧಿಸಿದ್ದು. ಮೆಲನೋಮ ಎಂಬ ಚರ್ಮದ ಕ್ಯಾನ್ಸರ್ ಹರಡುವಾಗ ರಕ್ತಕ್ಕಿಂತ ಮೊದಲು ದುಗ್ಧನಾಳಗಳನ್ನು (ಲಿಂಫ್ ನಾಳಗಳನ್ನು) ಹಿಡಿಯುವುದೇಕೆ ಎಂಬುದಕ್ಕೆ ನಾಳಗಳ ರಚನೆಯನ್ನೇ ಕಾರಣವಾಗಿ ಕೊಡುತ್ತಿದ್ದರು. ಡಲ್ಲಾಸ್‌ನ ಶಾನ್ ಮಾರಿಸನ್ ತಂಡ 2020ರಲ್ಲಿ ಇಲಿಗಳಲ್ಲಿ ತೋರಿಸಿದ್ದು ಬೇರೆ. ರಕ್ತಕ್ಕೆ ಬಿದ್ದ ಕೋಶಗಳು ಫೆರಾಪ್ಟೋಸಿಸ್‌ಗೆ ತುತ್ತಾಗುತ್ತವೆ. ದುಗ್ಧರಸದಲ್ಲಿ ಒಲಿಯಿಕ್ ಆಮ್ಲ ಮತ್ತು ಗ್ಲುಟಾಥಯೋನ್ ಹೆಚ್ಚು, ಸಡಿಲ ಕಬ್ಬಿಣ ಕಡಿಮೆ. ಅಲ್ಲಿ ಈಜಿ ಬಂದ ಕೋಶಗಳು ಪೊರೆಗೆ ಒಲಿಯಿಕ್ ಆಮ್ಲ ಸವರಿಕೊಂಡು, ಆಮೇಲೆ ರಕ್ತಕ್ಕಿಳಿದರೂ ಬದುಕುತ್ತವೆ. ಗಡ್ಡೆ ಹರಡುವ ದಾರಿಯನ್ನು ಎಣ್ಣೆಯ ಬಗೆ ನಿರ್ಧರಿಸುತ್ತದೆ ಎಂದು ಹಿಂದೆ ಯಾರಾದರೂ ಹೇಳಿದ್ದರೆ ನಾನಂತೂ ನಂಬುತ್ತಿರಲಿಲ್ಲ.

ಸಕ್ಕರೆ ನಿಲ್ಲಿಸಿ ಕ್ಯಾನ್ಸರ್ ಕೋಶವನ್ನು ಉಪವಾಸ ಕೆಡವಿದರೆ ಅದು ಹೀಗೆ ಸಾಯುವುದಿಲ್ಲವೇ?

ಎಲ್ಲರೂ ಹಾಗೆಂದೇ ಊಹಿಸುತ್ತಾರೆ. ಗ್ಲುಕೋಸ್ ಇಲ್ಲ, ಎನ್‌ಎಡಿಪಿಎಚ್ ಇಲ್ಲ, ರಕ್ಷಣೆ ಇಲ್ಲ, ಸಾವು. ಕಾಗದದ ಮೇಲೆ ಸರಿ. ಹ್ಯೂಸ್ಟನ್‌ನ ಬೋಯಿ ಗಾನ್ ತಂಡ 2020ರಲ್ಲಿ ಕಂಡದ್ದು ಬಹುಮಟ್ಟಿಗೆ ತದ್ವಿರುದ್ಧ. ಶಕ್ತಿ ಕುಸಿದಾಗ ಎಎಂಪಿಕೆ ಎಂಬ ಎಚ್ಚರಿಕೆಯ ಕಿಣ್ವ ಜಾಗೃತವಾಗಿ ಹೊಸ ಕೊಬ್ಬು ತಯಾರಿಕೆಯನ್ನು ನಿಲ್ಲಿಸುತ್ತದೆ. ಪೊರೆಗೆ ಸೇರುವ ಕಮಟುವ ಕೊಬ್ಬು ಕಡಿಮೆಯಾಗುತ್ತದೆ, ಕೋಶ ಫೆರಾಪ್ಟೋಸಿಸ್‌ನಿಂದ ಪಾರಾಗುತ್ತದೆ.

ಇನ್ನೊಂದು ತಿರುವೂ ಇದೆ. ಫೆರಾಪ್ಟೋಸಿಸ್‌ಗೆ ಹೆದರಿ ಸಿಸ್ಟಿನ್ ಬಾಗಿಲುಗಳನ್ನು ವಿಪರೀತ ಹೆಚ್ಚಿಸಿಕೊಂಡ ಕೋಶಗಳಿಗೆ, ಒಳಬಂದ ಸಿಸ್ಟಿನ್ನನ್ನು ಒಡೆಯಲು ಎನ್‌ಎಡಿಪಿಎಚ್ ಸುರಿಯುತ್ತಲೇ ಇರಬೇಕು. ಇವಕ್ಕೆ ಗ್ಲುಕೋಸ್ ತಪ್ಪಿಸಿದರೆ ಗಂಧಕದ ಕೊಂಡಿಗಳು ಒಳಗೆ ರಾಶಿಬಿದ್ದು ಕೋಶದ ಅಸ್ಥಿಪಂಜರದಂತಿರುವ ಆಕ್ಟಿನ್ ಎಳೆಗಳು ಒಂದಕ್ಕೊಂದು ಅಂಟಿಕೊಂಡು ಕುಸಿಯುತ್ತವೆ. ಅದು ಫೆರಾಪ್ಟೋಸಿಸ್ ಅಲ್ಲ; ಡೈಸಲ್ಫಿಡ್‌ಪ್ಟೋಸಿಸ್ ಎಂದು 2023ರಲ್ಲಿ ಅದಕ್ಕೆ ಪ್ರತ್ಯೇಕ ನಾಮಕರಣವಾಯಿತು. ಒಂದು ಸಾವಿಗೆ ಹಾಕಿದ ಬೇಲಿ ಇನ್ನೊಂದು ಸಾವಿಗೆ ದಾರಿ.

ಇದೆಲ್ಲ ಬಹುಮಟ್ಟಿಗೆ ಪಾತ್ರೆಯೊಳಗಿನ ಕೋಶಗಳ ಮಾತು. ಊಟದಲ್ಲಿ ಸಕ್ಕರೆ ಬಿಟ್ಟರೆ ರಕ್ತದ ಗ್ಲುಕೋಸ್ ಸೊನ್ನೆಗಿಳಿಯುವುದಿಲ್ಲ. ಯಕೃತ್ತು ಅದಕ್ಕೆ ಬಿಡುವುದೂ ಇಲ್ಲ.

ಗ್ಲುಟಮಿನ್ ಶತ್ರುವೋ ಮಿತ್ರನೋ?

ಎರಡೂ. ಈ ಅಮೈನೋ ಆಮ್ಲದಿಂದ ಗ್ಲುಟಮೇಟ್ ಆಗುತ್ತದೆ, ಗ್ಲುಟಮೇಟ್ ಸಿಸ್ಟಿನ್ ತರಲು ಮತ್ತು ಗ್ಲುಟಾಥಯೋನ್ ಕಟ್ಟಲು ನೆರವಾಗುತ್ತದೆ. ಅದೇ ಗ್ಲುಟಮಿನ್ ಮೈಟೊಕಾಂಡ್ರಿಯಕ್ಕೆ ಹೋಗಿ ಉರಿದರೆ, ಸಿಸ್ಟಿನ್ ಕೊರತೆಯಿರುವ ಕೋಶದಲ್ಲಿ ಫೆರಾಪ್ಟೋಸಿಸ್‌ಗೆ ಗಾಳಿ ಊದುತ್ತದೆ. 2015ರಲ್ಲಿ ನ್ಯೂಯಾರ್ಕ್‌ನ ಶುಯೆಜುನ್ ಜಿಯಾಂಗ್ ತಂಡ ಇದನ್ನೂ, ರಕ್ತದ ಟ್ರಾನ್ಸ್‌ಫೆರಿನ್ ಎಂಬ ಪ್ರೋಟೀನ್ ಹೊತ್ತು ತರುವ ಕಬ್ಬಿಣ ಬೇಕೇ ಬೇಕು ಎಂಬುದನ್ನೂ ಒಟ್ಟಿಗೆ ತೋರಿಸಿತು.

ಪಿ53 ಎಂಬ ‘ಕಾವಲು ಜೀನ್’ಗೂ ಇದಕ್ಕೂ ಸಂಬಂಧವಿದೆಯೇ?

ಪಿ53 ಸಿಸ್ಟಿನ್ ಬಾಗಿಲಿನ ಜೀನನ್ನು ಅದುಮಿ ಫೆರಾಪ್ಟೋಸಿಸ್‌ಗೆ ದಾರಿ ಮಾಡುತ್ತದೆ ಎಂದು 2015ರಲ್ಲಿ ವರದಿಯಾಯಿತು. ಬೇರೆ ಕೋಶಗಳಲ್ಲಿ ಪಿ53 ಗ್ಲುಟಾಥಯೋನ್ ಉಳಿತಾಯ ಮಾಡಿಸಿ ಸಾವನ್ನು ಮುಂದೂಡುವುದೂ ಕಂಡಿದೆ.

ಯಾವ ಕ್ಯಾನ್ಸರ್‌ಗಳು ಹೆಚ್ಚು ದುರ್ಬಲ?

ಮೂತ್ರಪಿಂಡದ ಕ್ಲಿಯರ್ ಸೆಲ್ ಕ್ಯಾನ್ಸರ್ ಮೊದಲ ಸಾಲಿನಲ್ಲಿದೆ. ಅದರಲ್ಲಿ ಎಚ್‌ಐಎಫ್-2ಆಲ್ಫಾ ಎಂಬ ಪ್ರೋಟೀನ್ ಬಹು ಅಪರ್ಯಾಪ್ತ ಕೊಬ್ಬನ್ನು ತುಂಬಿಸುತ್ತದೆ. ಮಕ್ಕಳಲ್ಲಿ ಕಾಣುವ ನ್ಯೂರೊಬ್ಲಾಸ್ಟೋಮದ ಒಂದು ಉಗ್ರ ಬಗೆಯೂ ಸೇರುತ್ತದೆ. 2017ರ ಎರಡು ಪ್ರಬಂಧಗಳು ಇನ್ನೂ ಹೆಚ್ಚಿನ ಆಸೆ ಹುಟ್ಟಿಸಿದವು. ಚಿಕಿತ್ಸೆ ಕೊಟ್ಟಾಗ ರೂಪ ಬದಲಿಸಿ ತಲೆಮರೆಸಿಕೊಂಡು ಉಳಿಯುವ ಕೆಲವು ಕೋಶಗಳು ಜಿಪಿಎಕ್ಸ್4ಗೆ ಪೂರ್ತಿ ಜೋತುಬಿದ್ದಿರುತ್ತವೆ. ರೋಗ ಮರಳುವುದು ಇಂಥ ಕೋಶಗಳಿಂದಲೇ ಆದ್ದರಿಂದ ಇದು ಸಣ್ಣ ಮಾತಲ್ಲ.

ರೋಗನಿರೋಧಕ ಚಿಕಿತ್ಸೆಗೂ ಇದಕ್ಕೂ ನಂಟಿದೆಯೇ?

ಇದೆ. ರೋಗನಿರೋಧಕ ವ್ಯವಸ್ಥೆಯ ಟಿ ಕೋಶಗಳು ಸ್ರವಿಸುವ ಇಂಟರ್‌ಫೆರಾನ್ ಗಾಮಾ ಎಂಬ ಪ್ರೋಟೀನ್ ಗಡ್ಡೆಯ ಸಿಸ್ಟಿನ್ ಬಾಗಿಲನ್ನು ಮುಚ್ಚಿಸುತ್ತದೆ ಎಂದು ಮಿಷಿಗನ್‌ನ ವೈಪಿಂಗ್ ಜೌ ತಂಡ 2019ರಲ್ಲಿ ತೋರಿಸಿತು. ವಿಕಿರಣ ಚಿಕಿತ್ಸೆಯ ಪರಿಣಾಮದಲ್ಲೂ ಫೆರಾಪ್ಟೋಸಿಸ್‌ನ ಪಾಲಿದೆ. ಕಿರಿಕಿರಿ ಏನೆಂದರೆ, ಗಡ್ಡೆಯೊಳಗೆ ಕೊಬ್ಬು ಹೀರಿಕೊಂಡ ಟಿ ಕೋಶಗಳೂ ಇದೇ ಸಾವು ಸಾಯುತ್ತವೆ. ಬೇಲಿ ತೆಗೆದರೆ ದನವೂ ನುಗ್ಗುತ್ತದೆ, ಕಾಯುವವನಿಗೂ ಮುಳ್ಳು ಚುಚ್ಚುತ್ತದೆ.

ಹಾಗಾದರೆ ಔಷಧ ಎಲ್ಲಿದೆ?

ಫೆರಾಪ್ಟೋಸಿಸ್ ಉಂಟುಮಾಡಲೆಂದೇ ರೂಪಿಸಿ, ಕ್ಯಾನ್ಸರ್ ಚಿಕಿತ್ಸೆಗೆ ಅನುಮತಿ ಪಡೆದ ಔಷಧ ಆಸ್ಪತ್ರೆಗಳಲ್ಲಿಲ್ಲ. ಎರಾಸ್ಟಿನ್ ದೇಹದೊಳಗೆ ಬಾಳುವುದಿಲ್ಲ. ಜಿಪಿಎಕ್ಸ್4ನ ಮೈ ಚಪ್ಪಟೆ, ಔಷಧದ ಅಣು ಕೂರಲು ಒಳ್ಳೆಯ ಗುಳಿ ಇಲ್ಲ. ಆರ್‌ಎಸ್‌ಎಲ್3ಯಂಥವು ಸಿಕ್ಕಸಿಕ್ಕ ಪ್ರೋಟೀನಿಗೆ ಅಂಟುತ್ತವೆ. ಅದಕ್ಕಿಂತ ದೊಡ್ಡ ಭಯ ಮೂತ್ರಪಿಂಡದ್ದು: ಬೆಳೆದ ಇಲಿಗಳಲ್ಲಿ ಜಿಪಿಎಕ್ಸ್4 ತೆಗೆದರೆ ಮೂತ್ರಪಿಂಡ ವಿಫಲವಾಗಿ ಸಾಯುತ್ತವೆ ಎಂದು 2014ರಲ್ಲೇ ಕಂಡಿದೆ. ಸಿಸ್ಟಿನ್ ಬಾಗಿಲು ಇಲ್ಲದೆ ಹುಟ್ಟಿದ ಇಲಿಗಳಾದರೋ ಹೆಚ್ಚುಕಡಿಮೆ ಆರೋಗ್ಯವಾಗಿಯೇ ಬದುಕುತ್ತವೆ. ಗುರಿಯಿಡುವುದಾದರೆ ಬಾಗಿಲೇ ಮೇಲು ಎನ್ನುವವರ ಪಕ್ಷ ನನ್ನದು.

2025ರಲ್ಲಿ ಪ್ಯಾರಿಸ್‌ನ ಕ್ಯೂರಿ ಸಂಸ್ಥೆಯ ರಫಾಯೆಲ್ ರೊಡ್ರಿಗೆಜ್ ತಂಡ ಫೆಂಟೊಮೈಸಿನ್ ಎಂಬ ಅಣುವನ್ನು ಪ್ರಕಟಿಸಿತು. ಅದು ಲೈಸೊಸೋಮ್ ಎಂಬ, ಕೋಶದ ಜೀರ್ಣಚೀಲಗಳಲ್ಲಿರುವ ಕಬ್ಬಿಣವನ್ನೇ ಕೆರಳಿಸಿ ಪೊರೆಯನ್ನು ಕಮಟಿಸುತ್ತದೆ. ಅದು ಪರೀಕ್ಷೆಯಾದದ್ದು ಪ್ರಯೋಗಾಲಯದಲ್ಲಿ: ಇಲಿಗಳಲ್ಲಿ, ರೋಗಿಗಳ ಗಡ್ಡೆಯ ತುಣುಕುಗಳಲ್ಲಿ.

ರಕ್ತಹೀನತೆಗೆ ಕೊಟ್ಟ ಕಬ್ಬಿಣದ ಮಾತ್ರೆ ನಿಲ್ಲಿಸಬೇಕೇ? ಅಥವಾ ಹೆಚ್ಚು ತಿಂದರೆ ಗಡ್ಡೆ ಸಾಯುತ್ತದೆಯೇ?

ಎರಡೂ ಬೇಡ. ಕರುಳು ದಿನಕ್ಕೆ ಹೀರಿಕೊಳ್ಳುವುದು ಸಾಮಾನ್ಯವಾಗಿ 1ರಿಂದ 2 ಮಿಲಿಗ್ರಾಂ. ಯಾವ ಕೋಶದ ಸಡಿಲ ಕಬ್ಬಿಣ ಎಷ್ಟಾಗಬೇಕು ಎಂಬುದನ್ನು ಮಾತ್ರೆಯ ಪಟ್ಟಿ ನಿರ್ಧರಿಸುವುದಿಲ್ಲ. ರಕ್ತಹೀನತೆಯಿಂದ ಚಿಕಿತ್ಸೆ ತಡೆದುಕೊಳ್ಳಲಾಗದೆ ಹೋಗುವುದು ಕೈಗೆಟಕುವ, ಖಚಿತವಾದ ಅಪಾಯ. ಮಾತ್ರೆಯ ವಿಷಯ ನಿಮ್ಮ ವೈದ್ಯರದು.

ಅಗಸೆ ಎಣ್ಣೆ, ಮೀನೆಣ್ಣೆ ಕುಡಿದರೆ ಗಡ್ಡೆ ಕಮಟುತ್ತದೆಯೇ?

ಪ್ರಶ್ನೆ ತಮಾಷೆಯದಲ್ಲ. ಬೆಲ್ಜಿಯಂನ ಲೂವಾನ್ ವಿಶ್ವವಿದ್ಯಾಲಯದವರು 2021ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಆಮ್ಲೀಯ ವಾತಾವರಣದ ಕ್ಯಾನ್ಸರ್ ಕೋಶಗಳು ಮೀನೆಣ್ಣೆಯ ಡಿಎಚ್‌ಎ ಕೊಬ್ಬನ್ನು ಮಿತಿಮೀರಿ ನುಂಗಿ ಫೆರಾಪ್ಟೋಸಿಸ್‌ಗೆ ಬಲಿಯಾದವು, ಅಂಥ ಆಹಾರ ತಿಂದ ಇಲಿಗಳಲ್ಲಿ ಗಡ್ಡೆ ನಿಧಾನವಾಗಿ ಬೆಳೆಯಿತು. ಮನುಷ್ಯರಿಗೆ ಇದನ್ನು ಚಿಕಿತ್ಸೆಯೆಂದು ಹೇಳಲು ಇಷ್ಟು ಸಾಲದು. ಅಗಸೆ ಚಟ್ನಿಯನ್ನು ರೊಟ್ಟಿಯ ಜೊತೆ ರುಚಿಗಾಗಿ ತಿನ್ನಿ.

ಆ್ಯಂಟಿಆಕ್ಸಿಡೆಂಟ್ ಮಾತ್ರೆಗಳು ಕ್ಯಾನ್ಸರ್ ತಡೆಯುತ್ತವೆ ಎಂದು ಜಾಹೀರಾತು ಹೇಳುತ್ತದೆಯಲ್ಲ?

1977ರ ಪ್ರಯೋಗವನ್ನು ನೆನಪಿಸಿಕೊಳ್ಳಿ: ವಿಟಮಿನ್ ಇ ಸಾಯಬೇಕಿದ್ದ ಕೋಶವನ್ನು ಉಳಿಸಿತು. ಉಳಿಯುವುದು ಯಾವ ಕೋಶ ಎಂದು ಅದು ಕೇಳುವುದಿಲ್ಲ. ಅಮೆರಿಕ ಮತ್ತು ಕೆನಡಾದಲ್ಲಿ 35,000ಕ್ಕೂ ಹೆಚ್ಚು ಪುರುಷರ ಮೇಲೆ ನಡೆದ ಸೆಲೆಕ್ಟ್ ಪ್ರಯೋಗದಲ್ಲಿ, ದಿನಕ್ಕೆ 400 ಯೂನಿಟ್ ವಿಟಮಿನ್ ಇ ನುಂಗಿದವರಲ್ಲಿ ಪ್ರಾಸ್ಟೇಟ್ ಕ್ಯಾನ್ಸರ್ ಶೇ 17ರಷ್ಟು ಹೆಚ್ಚಿತ್ತು ಎಂದು 2011ರಲ್ಲಿ ವರದಿಯಾಯಿತು. ಅದಕ್ಕೆ ಫೆರಾಪ್ಟೋಸಿಸ್ ತಡೆಯಾದದ್ದೇ ಕಾರಣ ಎಂದು ಯಾರೂ ಸಾಬೀತು ಮಾಡಿಲ್ಲ, ನಾನೂ ಹಾಗೆನ್ನುವುದಿಲ್ಲ. ಆದರೆ ಚಿಕಿತ್ಸೆ ನಡೆಯುತ್ತಿರುವಾಗ ಇಂಥ ಡಬ್ಬಿಗಳನ್ನು ವೈದ್ಯರಿಗೆ ತಿಳಿಸದೆ ತೆಗೆದುಕೊಳ್ಳುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ, ಮಾರುವವರ ಮೇಲೆ ಇನ್ನೂ ಹೆಚ್ಚು.

ನನ್ನ ಗಡ್ಡೆಯ ಕೋಶಗಳು ಹೀಗೆ ಸಾಯುತ್ತಿವೆಯೇ ಎಂದು ಪರೀಕ್ಷೆ ಮಾಡಿಸಬಹುದೇ?

ಪ್ರಯೋಗಾಲಯದಲ್ಲಿ ಪೆರಾಕ್ಸೈಡ್‌ಗೆ ಹೊಳೆಯುವ ಬಣ್ಣಗಳಿವೆ, ಟ್ರಾನ್ಸ್‌ಫೆರಿನ್ ಗ್ರಾಹಕವನ್ನು ಗುರುತಿಸುವ ಪ್ರತಿಕಾಯಗಳಿವೆ. ಯಾವುದೂ ಒಂಟಿಯಾಗಿ ಖಾತರಿ ಕೊಡುವುದಿಲ್ಲ. ಸಂಶೋಧಕರು ನಂಬುವ ಸಾಕ್ಷಿ ಹಳೆಯ ಬಗೆಯದು: ಸಾಯುತ್ತಿರುವ ಕೋಶಗಳಿಗೆ ಕಬ್ಬಿಣ ಹಿಡಿದಿಡುವ ಔಷಧವನ್ನೋ, ಕಮಟುವುದನ್ನು ತಡೆಯುವ ಫೆರೊಸ್ಟಾಟಿನನ್ನೋ ಹಾಕಿ ನೋಡುತ್ತಾರೆ, ಬದುಕಿದರೆ ಅದು ಫೆರಾಪ್ಟೋಸಿಸ್. ಪಾತ್ರೆಯಲ್ಲಿ ಇದು ಒಂದು ದಿನದ ಕೆಲಸ. ರೋಗಿಯ ದೇಹದಲ್ಲಿ ಈ ಪರೀಕ್ಷೆ ಮಾಡುವುದೆಂದರೆ ಗಡ್ಡೆಯನ್ನು ಬದುಕಿಸಿ ನೋಡುವುದು, ಅದನ್ನು ಯಾವ ವೈದ್ಯರೂ ಮಾಡುವುದಿಲ್ಲ.